ಟಗರು ಬದಲಿಸಿದವ

ಹತ್ತಿಯ ಬತ್ತಿಯನ್ನು ಕುರಿಹಾಲಿನಲ್ಲಿ ಅದ್ದಿ ನಾಗನಾಥ ಮೊಮ್ಮಗನ ತುಟಿಗೆ ಒತ್ತಿದ. ಹಾಲು ಒಳಗೆ ಹೋಗಲಿಲ್ಲ, ಕೆನ್ನೆಯಿಂದ ಇಳಿದು ಕಂಬಳಿಗೆ ಸೇರಿತು. ಚೀಪಲು ಬಾರದ ಎಷ್ಟೋ ಮರಿಗಳನ್ನು ಅವನು ಹೀಗೇ ಬದುಕಿಸಿದ್ದ. ಈ ಕೂಸು ಮಾತ್ರ ತೊಡೆಯ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿತ್ತು.

"ರಕ್ತದ ರಿಪೋರ್ಟ್ ಬಂದದ ಕಾಕಾ," ಎಂದಳು ಪ್ರಾಜಕ್ತಾ. ಉದಗೀರದ ಕಿರಾಣಿ ವ್ಯಾಪಾರಿಯ ಮಗಳು. ಪುಣೆಯಲ್ಲಿ ಜೀವಕೋಶದ ಪೊಟ್ಯಾಸಿಯಂ ದ್ವಾರಗಳ ಮೇಲೆ ಸಂಶೋಧನೆ ಮಾಡುವವಳು, ಹಿಂದೊಮ್ಮೆ ಇವರ ಊರು ಸಾಸ್ತೂರಿಗೆ ಬಂದು ಮನೆಮಂದಿಯೆಲ್ಲರ ರಕ್ತ ಒಯ್ದಿದ್ದಳು.

"ಹೇಳವ್ವಾ. ಟಗರು ಹುಳುಕು ಅಂತ ಬಂದಿರಬೇಕಲ್ಲ?" ನಾಗನಾಥ ಅಳಿಯ ಮಲ್ಲಣ್ಣನ ಕಡೆ ನೋಡಿದ.

ಹಿಂಡಿನಲ್ಲಿ ಬಲವಿಲ್ಲದ ಮರಿ ಹುಟ್ಟಿದರೆ ಕುರುಬರು ಕುರಿಯನ್ನು ದೂರುವುದಿಲ್ಲ, ಟಗರು ಬದಲಿಸುತ್ತಾರೆ. ಮಗಳು ಮನಿಷಾಳ ಮೊದಲ ಕೂಸು ಹೀಗೇ ಹಾಲೆಳೆಯಲಾರದೆ ಸತ್ತಾಗ ನಾಗನಾಥ ಮಾಡಿದ್ದೂ ಅದನ್ನೇ. ಅವಳು ಅತ್ತರೂ ಕೇಳದೆ ಮೊದಲ ಗಂಡ, ಶಿರೂರ ಅನಂತಪಾಳದ ರೇವಣಪ್ಪನಿಂದ ಬಿಡಿಸಿ ತಂದು ಮಲ್ಲಣ್ಣನಿಗೆ ಉಡಿಕಿ, ಅಂದರೆ ಮರುಮದುವೆ, ಮಾಡಿಕೊಟ್ಟಿದ್ದ. ಈಗ ಇವನನ್ನೂ ಬಿಡಿಸುವ ಮಾತು ಎತ್ತಿದ್ದ.

"ಮಾರೂದಿದ್ರ ಉದಗೀರ ಸಂತಿಗೆ ಹೊಡೀರಿ ಮಾವಾ. ಅಲ್ಲಿ ಹುಳುಕು ಟಗರಿಗೂ ಗಿರಾಕಿ ಇರ್ತಾರ," ಎಂದ ಮಲ್ಲಣ್ಣ.

ಪ್ರಾಜಕ್ತಾ ತಗ್ಗಿದ ದನಿಯಲ್ಲಿ ಹೇಳಿದಳು. "ಪೊಟ್ಯಾಸಿಯಂ ಅಂತ ಒಂದು ಲವಣ ಅದ. ನಾವು ಸುಮ್ಮನ ಮಲಗಿದಾಗೂ ಅದು ಜೀವಕೋಶದ ದ್ವಾರದಿಂದ ಹೊರಗ ಜಿನುಗ್ತಿರಬೇಕು, ಅಂದ್ರೇ ನರ ಹದದಾಗ ಇರ್ತಾವ. ಈ ಕೂಸಿನ ದ್ವಾರ ಕೆಟ್ಟಾವ, ಅದಕ್ಕ ಮೈಯಾಗ ಬಲ ಇಲ್ಲ."

"ಯಾರಿಂದ?" ಎಂದ ನಾಗನಾಥ.

"ಈ ದ್ವಾರದ್ದು ತಾಯಿ ಕೊಟ್ಟ ಜೀನ್ ಅಷ್ಟೇ ಎಚ್ಚರ ಇರ್ತದ. ಅಪ್ಪ ಕೊಟ್ಟದ್ದು ಮಲಗಿಬಿಡ್ತದ. ಮಲ್ಲಣ್ಣನದು ಕೆಟ್ಟಿದ್ರೂ ಕೂಸಿಗೆ ಏನೂ ಆಗ್ತಿರಲಿಲ್ಲ. ಇದು ಮನಿಷಾನಿಂದ ಬಂದದ."

"ಆಕಿ ಗಟ್ಟಿಮುಟ್ಟ ಅದಾಳಲ್ಲ."

"ಆಕಿಗಿ ಅದು ಅಪ್ಪನಿಂದ ಬಂದದ, ಅದಕ್ಕ ಆಕಿಯೊಳಗ ಮಲಗಿತ್ತು. ನಿಮ್ಮ ರಕ್ತದಾಗ ಸಿಕ್ತು ಕಾಕಾ."

"ಔಷಧ?" ಎಂದ ಮಲ್ಲಣ್ಣ.

"ಹುಡುಕಲಾಕತ್ತೀವಿ. ಇನ್ನೂ ಇಲ್ಲ."

ಮಗಳನ್ನು ಬಿಡಿಸಿ ತಂದ ದಿನ, ಅವಳನ್ನು ಕೂರಿಸಿಕೊಂಡು ಹೊರಟ ಜೀಪಿನ ಹಿಂದೆ ರೇವಣಪ್ಪ ಓಡಿ ಬಂದಿದ್ದ. ಜಗಳಕ್ಕೆ ಬಂದನೆಂದು ನಾಗನಾಥ ಬಡಿಗೆ ಎತ್ತಿದ್ದ. ಸತ್ತ ಕೂಸಿನ ಕಂಬಳಿಯನ್ನು ರೇವಣಪ್ಪ ಜೀಪಿನೊಳಗೆ ಕೊಟ್ಟು ನಿಂತುಬಿಟ್ಟ. ಈಗ ಹಾಲಿನಲ್ಲಿ ತೊಯ್ದಿದ್ದು ಅದೇ ಕಂಬಳಿ.

ಗೋಡೆ ಬದಿಗೆ ಕೂತು ಎಲ್ಲ ಕೇಳಿಸಿಕೊಂಡಿದ್ದ ಮನಿಷಾ ಎದ್ದು ಬಂದು ಕೂಸನ್ನು ಅಪ್ಪನ ತೊಡೆಯಿಂದ ಎತ್ತಿ ಮಲ್ಲಣ್ಣನ ತೊಡೆಗೆ ಹಾಕಿದಳು. ಇನ್ನೊಂದು ಬತ್ತಿ ಹೊಸೆಯತೊಡಗಿದಳು.

ನಾಗನಾಥ ಬಟ್ಟಲು ಮುಂದೆ ಚಾಚಿದ.

"ನಾ ಕುಡಸ್ತೀನಿ, ನನ್ನ ಕೈಗಿ ರೂಢಿ ಅದ. ಹಾಲಾದ್ರೂ ತಗೋ, ನನ್ನವ್ವಾ."

"ಬ್ಯಾಡ," ಎಂದಳು ಮನಿಷಾ.