ಕಲ್ಲು ಕೇಳುವ ಕಿವಿ

ಗುರುವಾರ ಬೆಳಗ್ಗೆ ಮುರಳಿಮೋಹನ್ ಮೂರನೆಯ ಬಾರಿ ಸುಳ್ಳು ಹೇಳಿದ.

"ಮಾಲೂರಿಗೆ ಹೋಗ್ಬರ್ತೀನಿ ಅಣ್ಣ. ಉಳಿಗಳಿಗೆ ಮೊನೆ ಹಾಕಿಸ್ಬೇಕು."

ಕದಿರೇಶ್ ತಲೆಯೆತ್ತದೆ ಹೂಂಗುಟ್ಟಿದ. ಮುರಳಿಯ ಬೆನ್ನು ಚಪ್ಪರ ದಾಟಿದ್ದೇ ತಡ, ಎದ್ದು ಅವನ ಮರದ ಪೆಟ್ಟಿಗೆಯ ಮುಚ್ಚಳ ಎತ್ತಿದ. ಹನ್ನೊಂದು ಉಳಿಗಳೂ ಗೋಣಿತಟ್ಟಿನ ಮೇಲೆ ಸಾಲಾಗಿ ಮಲಗಿದ್ದವು. ಕಳೆದ ಎರಡು ಗುರುವಾರಗಳಂದೂ ಹೀಗೆಯೇ ಆಗಿತ್ತು.

ಹಾಗಾದರೆ ಇವನು ಹೋಗುತ್ತಿರುವುದು ಎಲ್ಲಿಗೆ? ಯಾರ ಕಿವಿ ಕಚ್ಚಲು?

ಶಿವಾರಪಟ್ಟಣದಲ್ಲಿ ಶಿಲ್ಪಿ ಮುನಿಯಲ್ಲಪ್ಪನವರ ಕಲ್ಲು ಕೆತ್ತುವ ಚಪ್ಪರಕ್ಕೆ ಅದರದೇ ಒಂದು ಕಟ್ಟಳೆಯಿತ್ತು. ವಿಗ್ರಹಕ್ಕೆ ಬಂದ ಕಲ್ಲನ್ನು ಮೊದಲು ಬುಡದಿಂದ ತುದಿಯವರೆಗೆ ಸಣ್ಣ ಸುತ್ತಿಗೆಯಿಂದ ಬಡಿದು ಕೇಳಬೇಕು. ಗಂಟೆಯಂತೆ ನುಡಿದು, ಆ ನಾದ ತಡೆದು ನಿಂತರೆ ಕಲ್ಲು ಗಟ್ಟಿ. ನಾದದ ಬಾಲದಲ್ಲಿ ಜಿರಿಜಿರಿ ಎಂಬ ಸಣ್ಣ ಸದ್ದು ಬಂದರೆ ಒಳಗೆಲ್ಲೋ ಒಡಕು. ಗಟ್ಟಿಯೆಂದು ಕಂಡ ಕಲ್ಲಿನ ನೆತ್ತಿಗೆ ಕಾವಿಯ ಬೊಟ್ಟು ಇಡುವ ಹಕ್ಕು ಒಬ್ಬನಿಗೆ ಮಾತ್ರ. ಮುನಿಯಲ್ಲಪ್ಪನವರಿಗೆ ವಯಸ್ಸಾದ ಮೇಲೆ ಅವರ ಪರವಾಗಿ ಹನ್ನೆರಡು ವರ್ಷದಿಂದ ಬೊಟ್ಟು ಇಡುತ್ತಿದ್ದವನು ಕದಿರೇಶ್. ಆದರೆ ಕಾವಿಯ ಹಿತ್ತಾಳೆ ಭರಣಿ ಮಾತ್ರ ಇನ್ನೂ ಯಜಮಾನರ ಮಡಿಲಲ್ಲೇ ಇತ್ತು. ಶ್ರೀನಿವಾಸಪುರದ ಕಡೆಯ ಗುಡಿಯೊಂದಕ್ಕೆ ಆರಡಿಯ ವೇಣುಗೋಪಾಲನ ಕೆಲಸ ಬಂದಾಗ ಅವರು ಹೇಳಿಬಿಟ್ಟಿದ್ದರು: "ಶುಕ್ರವಾರ ಇದಕ್ಕೆ ಮೊದಲ ಉಳಿಪೆಟ್ಟು. ಅದಾದ್ಮೇಲೆ ಭರಣಿ ಒಬ್ಬರಿಗೆ ಕೊಟ್ಬಿಡ್ತೀನಿ."

ಒಬ್ಬರಿಗೆ! 'ಕದಿರೇಶನಿಗೆ' ಎನ್ನಲು ಯಜಮಾನರ ನಾಲಗೆಗೆ ಏನಾಗಿತ್ತು?

ಕಾರಣ ಅವನಿಗೆ ಗೊತ್ತಿತ್ತು. ಆ ಕಲ್ಲಿಗೆ ಅವನು ಬೊಟ್ಟಿಟ್ಟ ದಿನ, ಚಪ್ಪರಕ್ಕೆ ಬಂದು ಆರು ವರ್ಷವೂ ತುಂಬದ ಮುರಳಿ ಒಂದು ನಾಟಕ ಮಾಡಿದ್ದ. ಉಳಿಯ ಮೊನೆಯನ್ನು ಕಲ್ಲಿಗಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಕಲ್ಲನ್ನು ಬಡಿದು, ಕಣ್ಣು ಮುಚ್ಚಿ ಹೇಳಿದ್ದ: "ಮೂರ್ತಿಯ ಎಡಸೊಂಟ ಬರೋ ಜಾಗದಲ್ಲಿ ಜಿರಿ ಅಂತೈತೆ ಅಣ್ಣ."

"ಏನ್ಲಾ, ಕಲ್ಲಿಗೆ ಫೋನ್ ಮಾಡಿದ್ಯಾ?" ಎಂದು ಕದಿರೇಶ್ ಕೇಳಿದಾಗ ಚಪ್ಪರವೆಲ್ಲ ನಕ್ಕಿತ್ತು. ನಗದಿದ್ದವರು ಮುನಿಯಲ್ಲಪ್ಪ ಒಬ್ಬರೇ. ಆ ನಗದ ಮುಖ ಕದಿರೇಶನ ಎದೆಯಲ್ಲಿ ಕೆಂಡವಾಗಿ ಕುಳಿತಿತ್ತು. ಅಂದಿನಿಂದ ಮುರಳಿಯ ಪ್ರತಿಯೊಂದು ನಡೆಯೂ ಅವನ ಕಣ್ಣು ಚುಚ್ಚತೊಡಗಿತು. ಮುರಳಿ ಮೆಲ್ಲಗೆ ಮಾತನಾಡಿದರೆ ಅದು ನಯವಂಚನೆ. ಹಿಂದಿನಿಂದ ಕರೆದಾಗ ತಿರುಗದಿದ್ದರೆ ಅದು ಸೊಕ್ಕು.

ಕದಿರೇಶ್ ಬೈಕ್ ಹತ್ತಿ ಮುರಳಿ ಕುಳಿತ ಬಸ್ಸಿನ ಬೆನ್ನು ಹಿಡಿದ. ಬಸ್ಸು ಮಾಲೂರಿನ ದಿಕ್ಕಿಗೆ ಹೋಗಲೇ ಇಲ್ಲ. ಟೊಮ್ಯಾಟೊ ಲಾರಿಗಳ ಸಂದಿಯಲ್ಲಿ ನುಸುಳಿ ಕೋಲಾರ ಸೇರಿತು. ಮುರಳಿ ಇಳಿದು ಒಂದು ಗಲ್ಲಿ ಹೊಕ್ಕು ಮೆಟ್ಟಿಲು ಹತ್ತಿದ. ಇವನ ಚಾಡಿ ಕೇಳಲು ವೇಣುಗೋಪಾಲನ ಗುಡಿಯ ಸಮಿತಿಯವರು ಇಲ್ಲೇ ಕುಳಿತಿರಬೇಕು ಎಂದುಕೊಂಡ ಕದಿರೇಶ್ ಎರಡೆರಡು ಮೆಟ್ಟಿಲು ಜಿಗಿದು ಬಾಗಿಲು ತಳ್ಳಿದ.

ಒಳಗೆ ಬೆಂಚುಗಳು, ಗೋಡೆಯ ಮೇಲೆ ಆಳೆತ್ತರದ ಕಿವಿಯ ಚಿತ್ರ.

"ಟೋಕನ್ ತಗೊಳ್ಳಿ. ಹದಿನಾಲ್ಕು," ಎಂದಳು ಮೇಜಿನ ಹಿಂದಿದ್ದ ಹುಡುಗಿ. ಬೇಡವೆಂದರೆ ಅನುಮಾನ ಬಂದೀತೆಂದು ಕದಿರೇಶ್ ಚೀಟಿ ಹಿಡಿದು ಮೂಲೆಯಲ್ಲಿ ಕುಳಿತ. ಕಾಲು ಗಂಟೆಯಲ್ಲಿ ಒಳಬಾಗಿಲು ತೆರೆಯಿತು. ಹೊರಬಂದ ಮುರಳಿ ಅವನನ್ನು ಕಂಡು ಬೆಚ್ಚಬೇಕಿತ್ತು. ಬದಲಿಗೆ ಅವನ ಮುಖ ಅರಳಿತು.

"ಅಣ್ಣ! ನಿಂಗೂ ಕಿವೀನಾ?"

"ಸುಮ್ನೆ... ಒಂದ್ಸಲ ತೋರಿಸ್ಕೊಳೋಣ ಅಂತ."

ಮುರಳಿ ಪಕ್ಕದಲ್ಲೇ ಕುಳಿತು ಎಲ್ಲವನ್ನೂ ಸುರಿದುಬಿಟ್ಟ. ಮೂರು ವರ್ಷದಿಂದ ಅವನ ಎರಡು ಕಿವಿಗಳೂ ಮಂದ. ಎದುರಿಗೆ ನಿಂತವರ ತುಟಿ ನೋಡಿ ಅರ್ಧ ಮಾತು ಊಹಿಸಿಕೊಳ್ಳುತ್ತಿದ್ದ. "ಒಳಗಡೆ ಕುದುರೆ ಹತ್ತೋಕೆ ಕಾಲಿಡೋ ರಿಕಾಪಿನ ಥರದ್ದೊಂದು ಎಲುಬು ಐತಂತೆ, ಅಕ್ಕಿಕಾಳಿಗಿಂತ ಚಿಕ್ಕದು. ಅದು ಅಲ್ಲಾಡದೆ ಕಚ್ಕೊಂಡೈತೆ. ಆಪರೇಷನ್ ಮಾಡಿದ್ರೆ ಸರಿ ಹೋಗ್ಬೋದಂತೆ. ಯಾರಿಗೂ ಹೇಳ್ಬೇಡಣ್ಣ. ಕಿವುಡನ ಕೈಲಿ ಕಲ್ಲು ಮುಟ್ಟಿಸ್ತಾರಾ?"

"ಹೇಳಲ್ಲ ಕಣೋ," ಎಂದ ಕದಿರೇಶ್. ಅವನ ಎದೆಯೊಳಗೆ ತಮಟೆ ಮೊಳಗತೊಡಗಿತ್ತು. ಕಿವುಡ! ಕಿವುಡನೊಬ್ಬ ತನ್ನ ಬೊಟ್ಟಿನಲ್ಲಿ ತಪ್ಪು ಹುಡುಕಿದ್ದ! ನಾಳೆ ಯಜಮಾನರ ಮುಂದೆ ಒಂದೇ ಒಂದು ಮಾತು ಆಡಿದರೆ ಸಾಕು, ಭರಣಿ ತನ್ನದು.

"ಟೋಕನ್ ಹದಿನಾಲ್ಕು!"

ಮುರಳಿ ನೋಡುತ್ತಿದ್ದುದರಿಂದ ಎದ್ದು ಹೋಗಲೇಬೇಕಾಯಿತು. ಒಳಗೆ ಶ್ರವಣ ಪರೀಕ್ಷೆ ಮಾಡುವ ಅರ್ಷಿಯಾ ಮೇಡಂ ಅವನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಏರಿಸಿ, ಕೈಗೊಂದು ಗುಂಡಿ ಕೊಟ್ಟಳು. "ಎಷ್ಟು ಸಣ್ಣ ಸದ್ದು ಕೇಳಿದ್ರೂ ಒತ್ತಿ ಅಣ್ಣ."

ಕದಿರೇಶ್ ಗೆಲುವಿನಿಂದ ಒತ್ತಿದ. ಬೂಂ ಎಂಬ ಸದ್ದಿಗೆ ಒತ್ತಿದ, ಕೂಂ ಎಂಬುದಕ್ಕೂ ಒತ್ತಿದ. ಆಮೇಲೆ ಯಂತ್ರ ಸುಮ್ಮನಾಯಿತು. ಗಾಜಿನಾಚೆ ಅರ್ಷಿಯಾ ಏನನ್ನೋ ತಿರುಗಿಸುತ್ತಲೇ ಇದ್ದಳು. ಅವಳು ಕಿವಿಯ ಹಿಂದಿನ ಎಲುಬಿಗೆ ಬೇರೊಂದು ತುಂಡನ್ನು ಸಿಕ್ಕಿಸಿದಾಗಲೂ ಅಷ್ಟೇ. ಅವನು ಗುಂಡಿ ಹಿಡಿದು ಕಾದ, ಕೊನೆಗೆ ಬೇಸತ್ತು ಕೂಗಿದ: "ಶುರು ಮಾಡಮ್ಮ! ಎಷ್ಟೊತ್ತು ಕಾಯೋದು?"

ಅವಳು ಬಾಗಿಲು ತೆರೆದಳು. "ಮುಗೀತು ಅಣ್ಣ. ಕಿವಿಗೊಂಥರ, ಎಲುಬಿಗೊಂಥರ, ಅಷ್ಟೂ ಸದ್ದು ಕೇಳಿಸಿ ಆಯ್ತು."

ಕದಿರೇಶನ ಬೆರಳು ಗುಂಡಿಯ ಮೇಲೆಯೇ ಉಳಿಯಿತು.

ಅರ್ಷಿಯಾ ಮೇಜಿನ ಮೇಲಿದ್ದ ಕಿವಿಯ ಮಾದರಿಯನ್ನು ಬಿಡಿಸಿಟ್ಟಳು. ಹೊರಗಿನ ಹಾಲೆ, ಕಾಲುವೆ, ಅದರ ಕೊನೆಗೆ ತೆಳುವಾದ ತಮಟೆ. ತಮಟೆ ಅದುರಿದರೆ ಅದಕ್ಕೆ ಅಂಟಿದ ಸುತ್ತಿಗೆ ಎಂಬ ಎಲುಬು ಅಲುಗುತ್ತದೆ. ಸುತ್ತಿಗೆಯಿಂದ ಅಡಿಗಲ್ಲಿಗೆ, ಅಡಿಗಲ್ಲಿನಿಂದ ರಿಕಾಪಿಗೆ. ತನ್ನ ಚಪ್ಪರದ ಸಾಮಾನೆಲ್ಲ ತಲೆಯೊಳಗೇ ಇದ್ದುದನ್ನು ಕದಿರೇಶ್ ಶಿಲ್ಪಿಯ ಕಣ್ಣಿನಿಂದ ನೋಡಿದ. ಕೊನೆಯಲ್ಲಿ, ನೀರು ತುಂಬಿದ ಪುಟ್ಟ ಶಂಖ.

"ನಿಮ್ಮ ತಮಟೆ, ಮೂರು ಎಲುಬು ಎಲ್ಲ ಚೆನ್ನಾಗಿವೆ. ಪೆಟ್ಟು ಬಿದ್ದಿರೋದು ಈ ಶಂಖಕ್ಕೆ. ಇದ್ರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿರ್ತವೆ. ದಪ್ಪ ಸದ್ದು ಶಂಖದ ಒಳಸುರುಳಿಗೆ ಹೋಗುತ್ತೆ, ಕೀರಲು ಸದ್ದು ಬಾಗಿಲ ಹತ್ರಾನೇ ನಿಲ್ಲುತ್ತೆ. ದಿನಾ ಸುತ್ತಿಗೆ, ಕಟಿಂಗ್ ಮಷೀನು... ತುಳಿದು ತುಳಿದು ಹೊಸ್ತಿಲು ಸವೆಯಲ್ವಾ? ಹಂಗೇ. ಈ ಕೂದಲು ಮತ್ತೆ ಹುಟ್ಟಲ್ಲ."

"ಸುಳ್ಳು," ಎಂದ ಕದಿರೇಶ್. "ನಾನು ಕಲ್ಲಿನ ನಾದ ಕೇಳೋನು ಕಣಮ್ಮ. ಬಡಿದು ಬಿಟ್ಮೇಲೂ ಗುಂಯ್ ಅಂತ ನಿಂತಿರುತ್ತೆ, ನಂಗೆ ಕೇಳಿಸುತ್ತೆ."

"ಈಗ್ಲೂ ಕೇಳಿಸ್ತಿದ್ಯಾ?"

ಅವನು ಕಿವಿಗೊಟ್ಟ. ಹೌದು, ಗಂಟೆಯ ಬಾಲದಂತೆ ಸಣ್ಣಗೆ, ಎಡೆಬಿಡದೆ, ಗುಂಯ್ ಎನ್ನುತ್ತಿತ್ತು.

"ಹೂಂ."

"ಇಲ್ಲಿ ಕಲ್ಲೆಲ್ಲಿದೆ ಅಣ್ಣ?"

ಕೋಣೆ ಗಿರ್ರನೆ ತಿರುಗಿದಂತಾಗಿ ಅವನು ಮೇಜು ಹಿಡಿದ. ಅರ್ಷಿಯಾ ಗಾಬರಿಯಾಗಿ ಒಂದೆರಡು ಪರೀಕ್ಷೆ ಮಾಡಿದಳು. ಕಣ್ಣು ಮುಚ್ಚಿಸಿ ನಿಲ್ಲಿಸಿದಳು, ನಡೆಸಿದಳು. ಶಂಖಕ್ಕೆ ಅಂಟಿದ ಮೂರು ಅರ್ಧಬಳೆಗಳನ್ನು ತೋರಿಸಿ ಸಮಾಧಾನ ಹೇಳಿದಳು: "ತಲೆ ಯಾವ ಕಡೆ ವಾಲಿದ್ರೂ ಇದರೊಳಗಿನ ನೀರು ಅಲುಗಿ ಮೆದುಳಿಗೆ ತಿಳಿಸುತ್ತೆ. ನಿಮ್ದು ಗಟ್ಟಿಯಾಗಿದೆ. ಅಟ್ಟಣೆ ಮೇಲೆ ನಿಂತ್ರೂ ಬೀಳಲ್ಲ ನೀವು."

ಬಿದ್ದಾಗಿದೆಯಲ್ಲ ತಾಯಿ, ಎಂದುಕೊಂಡ ಕದಿರೇಶ್.

"ಟಿವಿ ಸೌಂಡು ಕಮ್ಮಿ ಮಾಡ್ರೀ, ಮಾಲೂರಿಗಂಟ ಕೇಳಿಸ್ತೈತೆ," ಎಂದು ಹೆಂಡತಿ ಗಂಗಾಲಕ್ಷ್ಮಿ ಎರಡು ವರ್ಷದಿಂದ ಗೊಣಗುತ್ತಿದ್ದುದು ಹಿಂದಿರುಗುವ ದಾರಿಯಲ್ಲಿ ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ ಉರಿಸಿದ್ದು ಇನ್ನೊಂದು. ಮುರಳಿಯದು ಬರೀ ಕಚ್ಚಿಕೊಂಡ ಎಲುಬು. ಒಳಗಿನ ಶಂಖ ಹೊಚ್ಚಹೊಸದು. ಉಳಿ ಒತ್ತಿಕೊಂಡರೆ ತಲೆಯೆಲುಬಿನ ಮೂಲಕವೇ ಕಲ್ಲು ಅವನ ಜೊತೆ ಮಾತಾಡುತ್ತದೆ. ಅವನಿಗೆ ಆಪರೇಷನ್ ಉಂಟು. ತನಗೆ ಅದೂ ಇಲ್ಲ. ರೋಗದಲ್ಲೂ ಆ ಮಗನದೇ ಅದೃಷ್ಟ!

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಕದಿರೇಶ್ ಚಪ್ಪರದಲ್ಲಿ ಒಬ್ಬನೇ ನಿಂತು ಉಳಿಯನ್ನು ಕಿವಿಯ ಹಿಂದೆ ಒತ್ತಿಕೊಂಡು ಎಡಸೊಂಟದ ಬಳಿ ಬಡಿದ. ಧಂ ಎಂದಿತು. ಆಮೇಲೆ ಅದೇ ಗುಂಯ್. ಜಿರಿ ಇಲ್ಲ. ಇದ್ದರೂ ಅವನ ಪಾಲಿಗಿಲ್ಲ. ಒಂದು ಕೊಡ ನೀರು ತಂದು ಕಲ್ಲಿನ ಮೇಲೆ ಸುರಿದ. ಬಿಸಿಲಿಗೆ ನೀರು ಆರುತ್ತ ಬಂತು. ಎಲ್ಲ ಆರಿದ ಮೇಲೂ ಎಡಸೊಂಟದಲ್ಲಿ ಕೂದಲೆಳೆಯಂಥ ಒಂದು ಕಪ್ಪು ಗೆರೆ ಒದ್ದೆಯಾಗಿಯೇ ಉಳಿಯಿತು.

ಒಡಕು. ಮುರಳಿ ಹೇಳಿದ ಜಾಗದಲ್ಲೇ.

ಗೆರೆ ಆರುವವರೆಗೂ ಅವನು ನೋಡುತ್ತ ನಿಂತ. ಅದು ಮಾಯವಾಗುವಷ್ಟರಲ್ಲಿ ಒಂದು ಉಪಾಯ ಮೂಡಿತ್ತು. ಚಪ್ಪರದ ಕಟ್ಟಳೆಯಲ್ಲಿ ಇನ್ನೊಂದು ಮಾತೂ ಇತ್ತು: ಯಾರ ಉಳಿಯಡಿ ಕಲ್ಲು ಒಡೆಯಿತೋ ಅವನ ಕೈಗೆ ಭರಣಿ ಇಲ್ಲ.

ಶುಕ್ರವಾರ ಕಲ್ಲಿಗೆ ಹೂವೇರಿಸಿ, ಕರ್ಪೂರ ಬೆಳಗಿ ಎಲ್ಲರೂ ಸುತ್ತ ನಿಂತರು. ಮುನಿಯಲ್ಲಪ್ಪ ಕುರ್ಚಿಯಲ್ಲಿ ಕುಳಿತಿದ್ದರು, ಮಡಿಲಲ್ಲಿ ಭರಣಿ.

"ಬೊಟ್ಟಿಟ್ಟೋನು ನೀನು. ಹಾಕೋ ಮೊದಲ ಪೆಟ್ಟು," ಎಂದರು.

"ಮುರಳಿ ಹಾಕ್ಲಿ ಯಜಮಾನ್ರೇ," ಎಂದ ಕದಿರೇಶ್. "ಹುಡುಗ ಮುಂದೆ ಬರ್ಬೇಕು. ಎಡಸೊಂಟದ ಕಡೆಯಿಂದ ಶುರು ಮಾಡ್ಲಿ."

ಆ ದೊಡ್ಡತನಕ್ಕೆ ಸುತ್ತಲಿದ್ದವರು ತಲೆದೂಗಿದರು. ಮುನಿಯಲ್ಲಪ್ಪ ಒಮ್ಮೆ ಕಲ್ಲಿನ ಬುಡ ನೋಡಿದರು. ಮುರಳಿ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ: "ಅಲ್ಲೇ ಅಲ್ವಾ ಅಣ್ಣ ನಂಗೆ ಜಿರಿ ಅನ್ನಿಸಿದ್ದು? ಆದ್ರೆ ನಾನು ಕಿವುಡ, ನಿಂಗೊತ್ತಲ್ಲ. ನೀನು ಗಟ್ಟಿ ಅಂದ್ರೆ ಗಟ್ಟಿ."

ಅವನು ಉಳಿ ಊರಿ ಸುತ್ತಿಗೆ ಎತ್ತಿದ. ಚಪ್ಪರ ಉಸಿರು ಬಿಗಿಹಿಡಿಯಿತು.

ಆ ಮೌನದಲ್ಲಿ ಕದಿರೇಶನಿಗೆ ನಾದ ಕೇಳಿಸಿತು. ಗುಂಯ್ ಎಂದು ಗಂಟೆಯಂತೆ, ಗಟ್ಟಿ ಕಲ್ಲಿನ ತುಂಬು ನಾದ. ಕಲ್ಲಿಗಿನ್ನೂ ಯಾರೂ ಬಡಿದಿರಲಿಲ್ಲ. ಇಷ್ಟು ವರ್ಷ ತಾನು ಎಷ್ಟು ಕಲ್ಲಿಗೆ ಈ ಸುಳ್ಳುನಾದ ನಂಬಿ ಬೊಟ್ಟಿಟ್ಟಿದ್ದ? ಯಾವ ಯಾವ ಗುಡಿಯಲ್ಲಿ, ಯಾವ ದೇವರ ಯಾವ ತೋಳಿನೊಳಗೆ ಗೆರೆ ಕಾದು ಕುಳಿತಿದೆ?

"ನಿಲ್ಸೋ ಲೇ!"

ಮುರಳಿಗೆ ಅದು ಕೇಳಿಸಲಿಲ್ಲ. ಅವನ ಬೆನ್ನು ಕದಿರೇಶನ ಕಡೆಗಿತ್ತು. ಕದಿರೇಶ್ ನೆಗೆದು, ಇಳಿಯುತ್ತಿದ್ದ ಸುತ್ತಿಗೆಯನ್ನು ಅಂಗೈಯಲ್ಲೇ ತಡೆದ. ಬೆರಳು ಜಜ್ಜಿಹೋಯಿತು. ರಕ್ತದ ಕೈಯಿಂದಲೇ ಕಲ್ಲಿನ ನೆತ್ತಿಯ ಕಾವಿಬೊಟ್ಟನ್ನು ಒರೆಸಿಹಾಕಿದ.

"ಒಡಕು ಕಲ್ಲು, ಯಜಮಾನ್ರೇ. ಇವನು ಹೇಳಿದ್ದೇ ಸರಿ. ನನ್ನ ಕಿವಿ ಹೋಗೈತೆ. ಇವನಿಗೆ ಉಳಿ ಹಿಡಿದ್ರೆ ಕೇಳಿಸ್ತೈತೆ, ನನಗೆ ಹಂಗೂ ಇಲ್ಲ."

ಮುನಿಯಲ್ಲಪ್ಪ ಕುರ್ಚಿಯಿಂದ ನಿಧಾನವಾಗಿ ಎದ್ದರು.

"ನಿನ್ನೆ ಊಟ ಮುಗಿಸಿ ಬಂದಾಗ ಕಲ್ಲಿನ ಬುಡದಲ್ಲಿ ಮಣ್ಣು ಒದ್ದೆಯಾಗಿತ್ತು. ನೀರು ಹಾಕಿ ನೋಡಿದೋನು ಬಾಯಿ ಬಿಡ್ತಾನೋ ಇಲ್ವೋ ಅಂತ ಕಾಯ್ತಿದ್ದೆ ಕಣೋ. ಕೊನೇ ಗಳಿಗೆವರೆಗೂ ಕಾಯಿಸ್ಬಿಟ್ಟೆಯಲ್ಲೋ."

ಅವರು ಭರಣಿಯನ್ನು ಮುರಳಿಯ ಕೈಗಿಟ್ಟರು.

ಬೇರೆ ಕಲ್ಲು ಬರಲು ಹತ್ತು ದಿನ ಹಿಡಿಯಿತು. ಲಾರಿಯಿಂದಿಳಿದ ಕಲ್ಲಿನ ಮುಂದೆ ಮುರಳಿ ಕುಳಿತು, ಉಳಿಯ ಹಿಡಿಯನ್ನು ಕಿವಿಯ ಹಿಂದೆ ಒತ್ತಿಕೊಂಡ. ಬೆರಳಿಗೆ ಪಟ್ಟಿ ಸುತ್ತಿದ್ದ ಕದಿರೇಶ್ ಎಡಗೈಯಲ್ಲಿ ಸುತ್ತಿಗೆ ಹಿಡಿದು ಬುಡದಿಂದ ಬಡಿಯುತ್ತ ಬಂದ. ನೆತ್ತಿ ಮುಟ್ಟಿದಾಗ ಮುರಳಿಯ ಕಣ್ಣು ತಾನಾಗಿ ಮುಚ್ಚಿಕೊಂಡಿತು. ತುಟಿಯಲ್ಲೊಂದು ನಗೆ ಮೂಡಿತು.

"ಏನಂತೈತೋ?" ಎಂದು ಕದಿರೇಶ್ ಕೇಳಿದ.

ಮುರಳಿಯ ಕಣ್ಣು ಮುಚ್ಚಿಯೇ ಇತ್ತು. ಅವನಿಗೆ ಕೇಳಿಸಿರಲಿಲ್ಲ. ಕಲ್ಲಿನ ನಾದ ಪೂರ್ತಿ ಇಳಿಯುವವರೆಗೂ ಆ ನಗೆ ಅವನ ಮುಖದ ಮೇಲಿತ್ತು. ಪಂಕ್ತಿಯಲ್ಲಿ ಪಕ್ಕದೆಲೆಯ ಪಾಯಸವನ್ನು ನೋಡುವವನಂತೆ ಕದಿರೇಶ್ ಆ ನಗೆಯನ್ನೇ ನೋಡುತ್ತಿದ್ದ.