ರಾಶಿ ಮಷೀನಿನ ಬಾಯಿಗೊಂದು ಮುಚ್ಚಳ

ಬಾರಾಮತಿ ಕಡೆಯ ಹೊಲದವರಿಗೆ ಮಾರ್ಚ್ ತಿಂಗಳೆಂದರೆ ಆಕಾಶದ ಮೇಲೇ ಕಣ್ಣು. ಗೋಧಿ ಕೊಯ್ದು, ಸಿವುಡು ಸಿವುಡಾಗಿ ಸಣ್ಣ ಹೊರೆ ಕಟ್ಟಿ ಒಟ್ಟಿರುತ್ತಾರೆ. ಕಾಳು ಬಿಡಿಸುವ ರಾಶಿ ಮಷೀನು ಊರಿಗೆಲ್ಲ ಒಂದೇ. ಅದು ನಮ್ಮ ಹೊಲಕ್ಕೆ ಬರುವ ಹೊತ್ತಿಗೇ ಮೋಡವೂ ಬರುತ್ತದೆ.

ಕಾಡಪ್ಪನ ಹೊಲಕ್ಕೂ ಹಾಗೇ ಬಂತು. ಅವನ ತಂದೆ ವಿಜಯಪುರದ ಕಡೆಯಿಂದ ಬಂದು ಮಾಡಿದ ಎರಡೆಕರೆ ಅದು. ಸುತ್ತಲೂ ಕಬ್ಬು, ನಡುವೆ ಮನೆಯ ಊಟಕ್ಕೆಂದು ಬೆಳೆದ ಗೋಧಿ. ಕಾಡಪ್ಪನೂ ತಮ್ಮ ಹೊಳಬಸಪ್ಪನೂ ಜೋಡಿಯಾಗಿ ದುಡಿದ ನೆಲ. ಹೋದ ವರ್ಷದ ರಾಶಿಯಲ್ಲಿ ಮಷೀನು ಹೊಳಬಸಪ್ಪನ ಬಲಗೈಯನ್ನು ಮೊಣಕೈತನಕ ಎಳೆದುಕೊಂಡಿತು. ಅಂದಿನಿಂದ ಅವನು ಯಾರೆದುರಿಗೂ ಊಟಕ್ಕೆ ಕೂಡುವುದಿಲ್ಲ. ಹೆಂಡತಿ ಬಸವಣ್ಣೆವ್ವ ಚಪಾತಿ ಹರಿದು, ಚೂರು ಮಾಡಿ ತಾಟಿನಲ್ಲಿಟ್ಟು ಹೊರಗೆ ಬಂದುಬಿಡುತ್ತಾಳೆ.

ಊರವರು ಕೇಳಿದಾಗೆಲ್ಲ ಕಾಡಪ್ಪ ಒಂದೇ ಮಾತು ಹೇಳುತ್ತಿದ್ದ. "ಅವನ ಲಕ್ಷ್ಯ ಎಲ್ಲೋ ಇತ್ರಿ. ಹಣೇಬರಾ, ಏನ್ ಮಾಡೂದು?" ತಮ್ಮ ಅದನ್ನು ಕೇಳಿಸಿಕೊಂಡೂ ಸುಮ್ಮನಿರುತ್ತಿದ್ದ.

ಈ ಸಲ ಮಷೀನಿಗೆ ಸಿವುಡು ಕೊಡಲು ನಿಂತವನು ಕಾಡಪ್ಪನ ಮಗ ರೋಹಿತ. ಮಷೀನು ತಂದಿದ್ದ ಸ್ವಪ್ನಿಲ್ ಅದನ್ನು ಟ್ರ್ಯಾಕ್ಟರಿಗೆ ಜೋಡಿಸಿ ಚಾಲೂ ಮಾಡಿದ. ಅಷ್ಟರಲ್ಲಿ ಕೆಲಸಕ್ಕೆ ನೆರವಾಗಲು ಬಂದಿದ್ದ ಪಕ್ಕದ ಮನೆಯ ಶೈಲಾ ಮುಂದೆ ಬಂದಳು. ಮಹಿಳಾ ಸಂಘದವರು ಕಳಿಸಿದ್ದ ಯಂತ್ರ ಸುರಕ್ಷತೆಯ ತರಬೇತಿಗೆ ಹೋಗಿಬಂದವಳು ಅವಳು.

"ಕಾಕಾ, ಇದರ ಬಾಯಿ ಮ್ಯಾಲಿನ ಮುಚ್ಚಳ ಎಲ್ಲಿ ಅದರೀ?"

"ಅದು ಮನ್ಯಾಗ ಬಿದ್ದದ," ಎಂದ ಸ್ವಪ್ನಿಲ್. "ಹಾಕಿದ್ರ ಸಿವುಡು ಸಿಕ್ಕೊಂಡು ಕೂಡ್ತಾವ. ಯಾರೂ ಹಾಕಂಗಿಲ್ಲ."

"ಹಾಕಂಗಿಲ್ಲ ಅಂತನ ಕೈ ಹೋಗ್ತಾವ. ಸಿವುಡು ಕೊಡೂ ಹಾದಿ ಕೈಗಿಂತ ಉದ್ದ ಇರಬೇಕು, ಮ್ಯಾಲ ಮುಚ್ಚಿರಬೇಕು. ಹಂಗಿದ್ರ ಕೈ ಒಳಗಿನ ಹಲ್ಲಿನ ತನಕಾ ಹೋಗಂಗಿಲ್ಲ."

ರೋಹಿತ ನಕ್ಕ. "ಶೈಲಕ್ಕಾ, ಎರಡ ದಿನದ ಟ್ರೇನಿಂಗಿಗೆ ಇಂಜಿನಿಯರ್ ಆಗಿ ಬಂದ್ಯೇನು?"

"ನಗೋ ತಮ್ಮಾ, ನಗು. ಮೊದಲ ಆ ಕೊಳ್ಳಾಗಿನ ಟವೆಲ್ ತಗದಿಟ್ಟು ನಗು. ಅದನ್ನೂ ಎಳಕೋತದ ಇದು."

ಕಾಡಪ್ಪನಿಗೆ ಸಿಟ್ಟು ಬಂತು. "ಮೋಡ ನೋಡವಾ. ಮುಚ್ಚಳ ತರಾಕ ಹೋಗಿ ಬರೂದು ಎರಡ ತಾಸು. ಅಷ್ಟರಾಗ ಮಳಿ ಬಂದ್ರ ನಮ್ಮ ವರ್ಷದ ಊಟ ಹೋತು."

"ಹೋದ ವರ್ಷನೂ ಹಿಂಗ ಮೋಡ ಇತ್ತಲ್ರಿ ಕಾಕಾ?"

ರೋಹಿತ ಒಂದು ಸಿವುಡು ಎತ್ತಿ ಮಷೀನಿನ ಬಾಯಿಗೆ ಒತ್ತಿದ. ಅದು ಅರ್ಧಕ್ಕೆ ನಿಂತಿತು. ಒಳಗೆ ದೂಡಲು ಅವನ ಕೈ ಮುಂದೆ ಹೋಯಿತು.

"ಬಂದ್ ಮಾಡಲೇ! ಬಂದ್ ಮಾಡು!"

ಕಾಡಪ್ಪ ಕೂಗಿದ ಕೂಗಿಗೆ ಸ್ವಪ್ನಿಲ್ ಟ್ರ್ಯಾಕ್ಟರನ್ನೇ ನಿಲ್ಲಿಸಿಬಿಟ್ಟ. ಕಾಡಪ್ಪ ಬದುವಿನ ಮೇಲೆ ಕುಳಿತ.

"ತಮ್ಮನ ಲಕ್ಷ್ಯ ಎಲ್ಲೂ ಹೋಗಿರಲಿಲ್ಲ," ಎಂದ. "ಮುಚ್ಚಳ ಇತ್ತು ಆವತ್ತು. ಸಿವುಡು ಸಿಗಬೀಳ್ತಾವಂತ ನಾನ ಬಿಚ್ಚಿದೆ. ಈ ಕೈಲೆ ಬಿಚ್ಚಿದೆ. ವರ್ಷ ಪೂರಾ ತಪ್ಪು ಅವನ ಮ್ಯಾಲ ಹಾಕಿ ಊರ ಮುಂದ ಸುಳ್ಳು ಹೇಳಿದೆ."

ಕಾಡಪ್ಪನ ಹೆಂಡತಿ ಕಾಶವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಗಿಡದ ಕೆಳಗೆ ಕುಳಿತಿದ್ದ ಹೊಳಬಸಪ್ಪ ಎದ್ದು ಬಂದ.

"ನೀ ಬಿಚ್ಚೂದು ನಾ ನೋಡಿದ್ದೆ ಅಣ್ಣಾ. ಬ್ಯಾಡ ಅನ್ನಲಿಲ್ಲ. ನನಗೂ ಮಳೀ ಅಂಜಿಕಿ ಇತ್ತು." ಒಟ್ಟಿದ್ದ ಸಿವುಡುಗಳ ಕಡೆ ನೋಡಿ ಹೇಳಿದ, "ಗೋದಿ ತೊಯ್ದ್ರ ತೊಯ್ಯಲಿ. ಮುಚ್ಚಳ ಇಲ್ಲದ ಹುಡುಗನ್ನ ಮಷೀನಿನ ಮುಂದ ನಿಲ್ಲಸಬ್ಯಾಡ."

ರೋಹಿತ ಕೊರಳಿನ ಟವೆಲ್ ತೆಗೆದು ಬದುವಿನ ಮೇಲಿಟ್ಟ. ಸ್ವಪ್ನಿಲ್ ಮೋಟರ್‌ಸೈಕಲ್ ಹತ್ತಿ ಮುಚ್ಚಳ ತರಲು ಹೋದ.

ಮುಚ್ಚಳ ಬಂತು, ಕೂಡಿಸಿದರು, ರಾಶಿ ನಡೆಯಿತು. ಅರ್ಧ ಮುಗಿಯುವಷ್ಟರಲ್ಲಿ ಮಳೆಯೂ ಬಂತು. ಇದ್ದ ಒಂದು ಪ್ಲಾಸ್ಟಿಕ್ ತಾಡಪತ್ರಿಯನ್ನು ಕಾಳಿನ ಮೇಲೆ ಹೊದಿಸಿದರು. ಉಳಿದ ಸಿವುಡುಗಳೆಲ್ಲ ಕಣ್ಣೆದುರೇ ತೊಯ್ದವು. ಗಾಳಿಗೆ ಹಾರುತ್ತಿದ್ದ ತಾಡಪತ್ರಿಯ ಒಂದು ಅಂಚನ್ನು ಹೊಳಬಸಪ್ಪ ಎಡಗೈಯಿಂದ ಹಿಡಿದು, ಮೊಣಕಾಲೂರಿ ಮಳೆಯಲ್ಲೇ ಕುಳಿತಿದ್ದ. ಎದುರಿನ ಅಂಚು ಕಾಡಪ್ಪನ ಕೈಯಲ್ಲಿತ್ತು.

ತೊಯ್ದ ಗೋಧಿ ಕಪ್ಪಿಟ್ಟಿತು. ಆ ವರ್ಷ ಅವರ ಮನೆಯ ಚಪಾತಿಯ ಬಣ್ಣ ಮಾಸಲು.

ಹೊಲದಲ್ಲಿ ದುಡಿಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮುಚ್ಚಳವಿಲ್ಲದ ಮಷೀನನ್ನು ಹೊಲಕ್ಕೆ ಬಿಟ್ಟುಕೊಳ್ಳಬೇಡಿ. ಸೆರಗು, ಟವೆಲ್, ಬಳೆ, ಕೈಕಡಗ ಯಾವುದೂ ಅದರ ಬಾಯಿಯ ಹತ್ತಿರ ಹೋಗಬಾರದು. ಸಿವುಡು ಸಿಕ್ಕಿಕೊಂಡರೆ ಮೊದಲು ಮಷೀನು ನಿಲ್ಲಿಸಿ, ಅದು ಪೂರಾ ನಿಂತ ಮೇಲೆ ಕೈ ಹಾಕಿ. ದಣಿದವರನ್ನು ಅಲ್ಲಿ ನಿಲ್ಲಿಸಬೇಡಿ.

ಪೇಟೆಯಲ್ಲಿದ್ದು ಗೋಧಿ ಕೊಳ್ಳುವವರೇ, ನಿಮಗೂ ಒಂದು ಮಾತು. ಕಾಳು ಕಪ್ಪಿಟ್ಟಿದೆ ಎಂದು ಬೆಳೆದವನನ್ನು ಹಳಿಯುವ ಮುನ್ನ ಒಂದು ಗಳಿಗೆ ತಾಳಿ. ಆ ಗೋಧಿಯನ್ನು ಮಳೆಗೆ ಬಿಟ್ಟುಕೊಟ್ಟು ಅವನು ಮನೆಯವರ ಕೈ ಉಳಿಸಿಕೊಂಡಿರಬಹುದು.