ಮೇಡಂ ಹಿಡಿದ ಕಾಯಿ

ಸಾಗರದ ಆಪ್ತಸಮಾಲೋಚನಾ ಕೇಂದ್ರದಲ್ಲಿ ಹುಲಿಗೆಮ್ಮ ಕುರ್ಚಿಯಲ್ಲಿ ಕೂರುವ ಮೊದಲೇ ಮೇಜಿನ ಮೇಲೊಂದು ಜುಟ್ಟಿನ ಕಾಯಿ, ವೀಳ್ಯದೆಲೆ, ಅಡಿಕೆ ಇಟ್ಟಳು. ಪಕ್ಕದಲ್ಲಿ ಸೊಸೆ ನೇತ್ರಾವತಿ, ತೊಡೆಯ ಮೇಲೆ ಕೂಸು. ಹೆರಿಗೆಯ ನಂತರ ಅವಳಿಗೆ ನಿದ್ದೆಯಿಲ್ಲ, ಯಾರೊಂದಿಗೂ ಮಾತಿಲ್ಲ. ಗಾಳಿ ಸೋಕಿದೆಯೆಂದು ಮಾಸ್ತಿಕಟ್ಟೆ ಕಡೆಯ ಸ್ವಾಮಿಯೊಬ್ಬ ಕಳೆದ ಅಮಾವಾಸ್ಯೆಗೆ ಮೆಣಸಿನ ಹೊಗೆ ಹಾಕಿ ಬೆತ್ತದಲ್ಲಿ ಹೊಡೆದಿದ್ದ. ಕೂಸಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಅವಳ ತೋಳಿನ ಬಾಸುಂಡೆ ಕಂಡ ನರ್ಸ್ ಇಲ್ಲಿಗೆ ಕಳಿಸಿದ್ದಳು. ನಾಳೆ ಮತ್ತೆ ಅಮಾವಾಸ್ಯೆ.

"ಕಾಯಿ ಬೇಡಮ್ಮಾ," ಎಂದಳು ಸಮಾಲೋಚಕಿ ತ್ರಿಶಲಾ. ಬಂದವರಿಂದ ಏನನ್ನೂ ತೆಗೆದುಕೊಳ್ಳಬಾರದೆಂದು ಸಂಜೆ ಕಾಲೇಜಿನಲ್ಲಿ ಕಲಿಸಿದ್ದರು.

ಹುಲಿಗೆಮ್ಮ ಕಾಯಿಯನ್ನು ಚೀಲಕ್ಕೆ ಹಾಕಿದಳು. "ಏಳೇ ನೇತ್ರಾ. ಇವ್ರ ಕೈಲಿ ಆಗಲ್ವಂತೆ."

"ನಾನು ಹಾಗೆ ಹೇಳ್ಲಿಲ್ವಲ್ಲ."

"ಕಾಯಿ ಬೇಡ ಅಂದ್ರೆ ಮತ್ತೆಂತ? ಸ್ವಾಮಿ ನೋಡಿ, ಕೇಳೋ ಮೊದ್ಲೇ ತಗಂಡ್ರು."

"ಹೊಡೆಯೋದು ಅಪರಾಧ. ಪೊಲೀಸರಿಗೆ ಹೇಳ್ಬೇಕಾಗ್ತದೆ."

"ಹೇಳಿ. ಅವ್ರ ಜೀಪಿಗೆ ನಿಂಬೆಹಣ್ಣು ಕಟ್ಟಿದ್ದೇ ಸ್ವಾಮಿ."

ತ್ರಿಶಲಾ ಫೋನಿಗೆ ಕೈ ಹಾಕಿದಳು. ಅಷ್ಟರಲ್ಲಿ ನೇತ್ರಾವತಿ ಬಾಯಿ ತೆರೆದಳು.

"ತಗಳಿ ಮೇಡಂ. ಕಾಯಿ ಯಾರ ಕೈಲಿದ್ಯೋ ಕೇಸು ಅವ್ರದ್ದು. ಇನ್ನೊಬ್ರು ಕೈ ಹಾಕಂಗಿಲ್ಲ. ಈ ಅಮಾಸೆ ಕಾಯಿ ಇನ್ನೂ ಯಾರಿಗೂ ಕೊಟ್ಟಿಲ್ಲ."

ಸೊಸೆಯ ದನಿ ಕೇಳಿ ತಿಂಗಳಾಗಿತ್ತು. ಹುಲಿಗೆಮ್ಮ ಬೆರಗಾಗಿ ಚೀಲದ ಬಾಯಿ ಬಿಚ್ಚಿದಳು. ಕಲಿಸಿದ ಮೇಷ್ಟರ ಮುಖ ತ್ರಿಶಲಾಗೆ ಒಮ್ಮೆ ನೆನಪಾಯಿತು. ಆದರೂ ಎರಡೂ ಕೈ ಚಾಚಿ ಕಾಯಿ ತೆಗೆದುಕೊಂಡಳು.

"ಪಥ್ಯ ಎಂತ?" ಹುಲಿಗೆಮ್ಮ ಕೇಳಿದಳು.

"ಹೊಗೆ ಆಗಲ್ಲ, ಬೆತ್ತ ಆಗಲ್ಲ. ಇವತ್ತೇ ಡಾಕ್ಟರಿಗೆ ತೋರಿಸ್ಬೇಕು, ನಾನೂ ಬರ್ತೀನಿ. ರಾತ್ರಿ ಇವ್ಳು ಮಲಗ್ಬೇಕು. ಕೂಸು ಅತ್ರೆ ನೀವೇ ಎತ್ಕೋಬೇಕು."

"ನಾನಾ? ಸ್ವಾಮಿದು ಇದಕ್ಕಿಂತ ಸುಲಭ ಇತ್ತು."

"ಯಾರಿಗೆ, ಅತ್ತೆ?" ಎಂದಳು ನೇತ್ರಾವತಿ.

ಹುಲಿಗೆಮ್ಮ ಸೊಸೆಯ ತೋಳನ್ನು ಒಂದು ಗಳಿಗೆ ನೋಡಿದಳು. ಕೂಸನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಬಾಗಿಲಲ್ಲಿ ತಿರುಗಿ, "ಕಾಯಿ ಒಡಿಬೇಡಿ ಮೇಡಂ. ಒಡೆದ್ರೆ ಕೇಸು ಮುಗೀತು ಅಂತ," ಎಂದಳು.

ಅವರ ಜೊತೆ ಹೊರಡಲು ತ್ರಿಶಲಾ ಎದ್ದಳು. ಕಸ ಗುಡಿಸುವವರು ಪ್ರಸಾದವೆಂದು ಒಡೆದುಬಿಟ್ಟಾರೆಂದು, ಕಾಯಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು. ಆಮೇಲೆ ಎಳೆದು ನೋಡಿದಳು. ಬೀಗ ಬಿದ್ದಿತ್ತು.